ಬಿದ್ದದ್ದನ್ನು ಹೇಳಿದವರು

ಹೊಸೂರಿನ ನಮ್ಮ ಕಾರ್ಖಾನೆಗೆ ಹೊರಗಿನವರು ಬಂದರೆ ಸುತ್ತಾಡಿಸಿ ತೋರಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಹೆಲಿಕಾಪ್ಟರಿನ ಬಿಡಿಭಾಗ ಮಾಡಲು ಈ ಊರೇ ಯಾಕೆ ಎಂದು ಅವರು ಕೇಳುತ್ತಾರೆ. ಬೆಂಗಳೂರು ಹತ್ತಿರ, ಹವೆ ತಂಪು, ಗಡಿಯಾರದಿಂದ ಲಾರಿಯವರೆಗೆ ಏನೆಲ್ಲ ಮಾಡಿ ಪಳಗಿದ ಕೈಗಳು ಇಲ್ಲಿವೆ ಎನ್ನುತ್ತೇನೆ. ಎಲ್ಲವೂ ನಿಜ. ಹೇಳುವಾಗ ಮಾತ್ರ ನನಗೆ ನೆನಪಾಗುವುದು ಒಬ್ಬರೇ ಮನುಷ್ಯ.

ಅವರು ಹತ್ತಿರದ ಬೇರಿಕೆ ಎಂಬ ಊರಿನವರು, ನನಗಿಂತ ಬಹಳ ಹಿರಿಯರು. ಮನೆಯಲ್ಲಿ ಕನ್ನಡ, ಓದಿದ್ದು ತಮಿಳು, ಸಂತೆಯಲ್ಲಿ ತೆಲುಗು. ನಾನು ಮಾಲೂರಿನಿಂದ ಬಂದು ತಪಾಸಣೆ ವಿಭಾಗಕ್ಕೆ ಸೇರಿದ ಹೊಸತರಲ್ಲಿ ತಮಿಳು ಬಾರದೆ ಒಬ್ಬಳೇ ಕೂತು ಉಣ್ಣುತ್ತಿದ್ದೆ. ಅವರೇ ಬುತ್ತಿ ಎತ್ತಿಕೊಂಡು ಬಂದು ಎದುರು ಕೂತರು. ಅಂದಿನಿಂದ ನನಗೆ ಅಣ್ಣ.

ಆಗ ಅವರು ನಡೆಸುತ್ತಿದ್ದ ಯಂತ್ರದಲ್ಲಿ ಟೈಟಾನಿಯಂನ ಒಂದು ದೊಡ್ಡ ಭಾಗ ತಯಾರಾಗುತ್ತಿತ್ತು. ಹೆಲಿಕಾಪ್ಟರಿನ ರೆಕ್ಕೆಗಳ ಬುಡದಲ್ಲಿ ಕೂರುವಂಥದ್ದು. ಎಷ್ಟೋ ದಿನ ಕೊರೆದು, ಕೆತ್ತಿ, ಕೊನೆಗೆ ಮುಗಿದಿತ್ತು. ಎಲ್ಲರೂ ಟೀಗೆ ಹೋಗಿದ್ದ ಹೊತ್ತಿನಲ್ಲಿ ಅಣ್ಣ ಅದನ್ನು ಎತ್ತಿಕೊಂಡು ನನ್ನ ಮೇಜಿನ ಬಳಿ ಬಂದರು. ಮುಖದಲ್ಲಿ ಕಳೆ ಇರಲಿಲ್ಲ.

“ಕೈ ಜಾರಿ ಬಿದ್ಬುಡ್ತು ಕಣಮ್ಮ.”

ನಾನು ಭೂತಗನ್ನಡಿ ಹಿಡಿದು ನೋಡಿದೆ, ಅಳೆದೆ. ಗೀರು ಕೂಡ ಇರಲಿಲ್ಲ.

“ಏನೂ ಆಗಿಲ್ಲ ಅಣ್ಣ.”

“ಒಳಗಡೆ ಏನಾಗೈತೋ ಯಾರ್ ಕಂಡೋರು? ಮೇಲ್ ಹಾರೋನು ನಮ್ಮನ್ನ ನಂಬ್ಕೊಂಡು ಕುಂತಿರ್ತಾನೆ. ಬಿದ್ದೈತೆ ಅಂತ ಬರ್ಕೊ.”

ಕೆಳಗೆ ಬಿದ್ದದ್ದು ಮೇಲೆ ಹಾರಬಾರದು. ನಮ್ಮ ಕಸುಬಿನ ನಿಯಮವೇ ಅದು. ನಾನು ಕೆಂಪು ಚೀಟಿ ಕಟ್ಟಿದೆ. ಆ ಭಾಗ ಗುಜರಿಗೆ ಹೋಯಿತು.

ಹೇಳಿದ ಸಮಯಕ್ಕೆ ಸರಕು ತಲುಪಲಿಲ್ಲ. ತಪ್ಪು ಯಾರದು, ಅವರ ಮೇಲೆ ಏನು ಕ್ರಮ ಎಂದು ಮೇಲಿನವರು ಕೇಳಿದರು. ಅಣ್ಣನನ್ನು ಯಂತ್ರದಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ನಾವು ಕೆಲವರು ಸೇರಿ ಮ್ಯಾನೇಜರ ಬಳಿ ಹೋದೆವು. ನಿಜ ಹೇಳಿದವರಿಗೇ ಶಿಕ್ಷೆಯಾದರೆ ನಾಳೆ ಯಾರು ಸಾರ್ ಹೇಳ್ತಾರೆ ಎಂದೆ. ಅವರು ಕೆಟ್ಟವರಲ್ಲ. “ನಾನ್ ಎನ್ನಮ್ಮಾ ಪಣ್ಣುವೇನ್?” ನಾನೇನು ಮಾಡಲಿ ಎಂದು ತಮಿಳಿನಲ್ಲಿ ಹೇಳಿ ಕೈ ಚೆಲ್ಲಿದರು. ಸ್ವಲ್ಪ ತಣ್ಣಗಾಗಲಿ, ಆಮೇಲೆ ನೋಡೋಣ ಎಂದರು. ಅಣ್ಣ ಅಷ್ಟು ದಿನ ಕಾಯಲಿಲ್ಲ. ಕೆಲಸ ಬಿಟ್ಟು ಹೊರಡುವಾಗ ನನಗೆ ಹೇಳಿದ್ದು ಇಷ್ಟೇ: “ರಟ್ಟಿನ ಡಬ್ಬಕ್ಕೆ ಟೇಪ್ ಅಂಟ್ಸೋಕಾಗಲ್ಲ ಕಣಮ್ಮ. ನಾಚ್ಕೆ ಆಗ್ತದೆ.”

ಅದಾದ ಮೇಲೆ ಕಾರ್ಖಾನೆಯಲ್ಲಿ ಏನು ಬಿದ್ದರೂ ಯಾರೂ ಹೇಳಲಿಲ್ಲ. ಬೀಳುವುದೇನೂ ನಿಂತಿರಲಿಲ್ಲ. ಮುಂದೊಂದು ಸಲ, ಹೆಲಿಕಾಪ್ಟರ್ ಜೋಡಿಸುವ ಕಡೆಯವರು ಒಂದು ಭಾಗದಲ್ಲಿ ಪೆಟ್ಟು ಕಂಡು ಇಡೀ ಸರಕನ್ನೇ ವಾಪಸ್ ಕಳಿಸಿದರು. ಆಗ ಮೇಲಿನವರಿಗೆ ಅರ್ಥವಾಯಿತು. ತಾನಾಗಿ ಬಂದು ಹೇಳಿದವರಿಗೆ ಶಿಕ್ಷೆಯಿಲ್ಲ ಎಂದು ನಿಯಮ ಮಾಡಿದರು. ಮ್ಯಾನೇಜರೇ ನನ್ನನ್ನು ಕರೆದು, “ನಿಮ್ಮ ಅಣ್ಣನನ್ನು ಕೇಳಿ ನೋಡಮ್ಮ, ವಾಪಸ್ ಬಂದರೆ ಅದೇ ಯಂತ್ರ ಕೊಡ್ತೀವಿ” ಎಂದರು.

ರಜೆಯ ದಿನ ಬಸ್ಸು ಹಿಡಿದು ಬೇರಿಕೆಗೆ ಹೋದೆ. ರಸ್ತೆ ಬದಿಯ ಶೆಡ್ಡಿನಲ್ಲಿ ಅಣ್ಣ ಯಾರದೋ ಟ್ರ್ಯಾಕ್ಟರಿನ ನೇಗಿಲಿಗೆ ವೆಲ್ಡಿಂಗ್ ಮಾಡುತ್ತಿದ್ದರು. ಅತ್ತಿಗೆ ಮಜ್ಜಿಗೆ ತಂದುಕೊಟ್ಟರು. ನಾನು ವಿಷಯ ಹೇಳಿ ಮುಗಿಸುವವರೆಗೂ ಅಣ್ಣ ಕೈ ಒರೆಸಿಕೊಳ್ಳುತ್ತಲೇ ಇದ್ದರು.

“ಬತ್ತೀನಿ ಅನ್ನೋಕೆ ಆಸೆ ಐತೆ,” ಎಂದರು. “ಆದ್ರೆ ಅಂಥ ಸಾಮಾನು ಎತ್ತೋದು ನೆನೆಸ್ಕಂಡ್ರೇ ಎಲ್ಲಿ ಬೀಳಿಸ್ಬುಡ್ತೀನೋ ಅಂತ ಭಯ ಆಗ್ತದೆ. ಮೊದ್ಲು ಹಿಂಗಿರ್ಲಿಲ್ಲ.”

“ಸ್ವಲ್ಪ ದಿನ ಕಳೆದರೆ ಸರಿಹೋಗ್ತದೆ ಅಣ್ಣ,” ಎಂದೆ.

“ಇಲ್ಲಮ್ಮ. ನೇಗ್ಲು ಬಿದ್ರೆ ಯಾರೂ ಕೇಳಲ್ಲ. ನಂಗಿದೇ ಸಾಕು.”

ನಾನು ಒತ್ತಾಯ ಮಾಡಲಿಲ್ಲ. ಬಸ್ಸು ಬರುವವರೆಗೆ ಅಣ್ಣ ಜೊತೆಗೆ ನಿಂತರು, ತಮ್ಮ ಮಗಳ ಓದಿನ ಮಾತಾಡಿದರು. ಮರುದಿನ ಮ್ಯಾನೇಜರಿಗೆ ತಿಳಿಸಿದೆ. ಅವರು ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲು ಹೇಳಿದರು.