ಸೀಟಿ ಕತ್ತರಿಸಿದ ಪದ

ನನಗೆ ಬೇಕಾಗಿದ್ದುದು ಒಂದೇ ಒಂದು ಹಾಡು. ಆರೂವರೆ ನಿಮಿಷದ್ದು, ಮೊದಲಿನಿಂದ ಕೊನೆಯವರೆಗೆ ಒಂದೇ ಓಘದ್ದು. ಬೆರಳು ತಾಗಿಸಿದರೆ ಲಕ್ಷ ಹಾಡು ಉದುರುವ ಮೊಬೈಲಿನಲ್ಲಿ ಅಂಥದ್ದೊಂದು ಸಿಗಲು ಎರಡೂವರೆ ತಿಂಗಳು ಹಿಡಿಯಿತು. ಆ ದಿನಗಳನ್ನು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಕಾನ್‌ಸ್ಟೆಬಲ್ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿತ್ತು. ಉಳಿದದ್ದು ಓಟ: ನಾನೂರು ಮೀಟರಿನ ಮೈದಾನಕ್ಕೆ ನಾಲ್ಕು ಸುತ್ತು, ಆರೂವರೆ ನಿಮಿಷದೊಳಗೆ. ಹಿಂದಿನ ಸಲ ನಾನು ಫೇಲಾದದ್ದು ಇದರಲ್ಲೇ. ಕಾಲಿನಲ್ಲಿ ಕಸುವಿಲ್ಲವೆಂದಲ್ಲ, ತಲೆಯಲ್ಲಿ ತಾಳ್ಮೆಯಿಲ್ಲ. ಮೊದಲ ಸುತ್ತನ್ನು ನಾಯಿ ಬೆನ್ನು ಹತ್ತಿದವನ ಹಾಗೆ ಓಡುತ್ತಿದ್ದೆ. ಮೂರನೆಯ ಸುತ್ತಿಗೆ ಪಕ್ಕೆ ಹಿಡಿದುಕೊಂಡು ಕುಂಟುತ್ತಿದ್ದೆ. ಈ ಸಲವೂ ಹೋದರೆ ವಯಸ್ಸು ಮೀರುತ್ತಿತ್ತು, ಮತ್ತೆ ಅರ್ಜಿ ಹಾಕುವಂತಿರಲಿಲ್ಲ. ಖಾಕಿ ತೊಡಬೇಕೆಂಬ ಆಸೆ ಏಳನೆಯ ತರಗತಿಯಿಂದ ನನ್ನ ಜೊತೆಗೇ ಬೆಳೆದದ್ದು. ಅಷ್ಟು ವರ್ಷದ ಆಸೆ ಈಗ ಆರೂವರೆ ನಿಮಿಷದ ಮೇಲೆ ನಿಂತಿತ್ತು.

ಪರೀಕ್ಷೆಯ ದಿನ ಮೊಬೈಲ್, ಇಯರ್‌ಫೋನ್ ಒಳಗೆ ಬಿಡುವುದಿಲ್ಲ. ಅದು ನನಗೂ ಗೊತ್ತಿತ್ತು. ನನ್ನ ಲೆಕ್ಕಾಚಾರ ಬೇರೆ. ಒಂದೇ ಹಾಡನ್ನು ದಿನಾ ಕೇಳುತ್ತ ಓಡಿದರೆ, ಯಾವ ಸಾಲಿಗೆ ಮೈದಾನದ ಯಾವ ತಿರುವು ಬರಬೇಕು ಎನ್ನುವುದು ಕಾಲಿಗೆ ಬಾಯಿಪಾಠವಾಗುತ್ತದೆ. ಆಮೇಲೆ ಕಿವಿಯಲ್ಲಿ ಏನೂ ಇಲ್ಲದಿದ್ದರೂ ಹಾಡು ತಲೆಯೊಳಗೆ ನಡೆಯುತ್ತಿರುತ್ತದೆ, ಕಾಲು ಅದರ ಹಿಂದೆ ಹೋಗುತ್ತದೆ. ಈ ಬುದ್ಧಿ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಹಾಗಾಗಿ ಬೈಯಲಿಕ್ಕೂ ಬೇರೆ ಯಾರೂ ಇಲ್ಲ.

ನಮ್ಮೂರು ಇರಕಲ್ಲಗಡದ ಹತ್ತಿರ. ಓಟಕ್ಕೆಂದು ಕೊಪ್ಪಳದಲ್ಲಿ ಖೋಲಿ ಹಿಡಿದಿದ್ದೆ. ಜೊತೆಗಿದ್ದವನು ಶ್ರೀರಾಮನಗರದ ಗೆಳೆಯ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಕೆಲಸ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವುದು. ತಾಳಿ ಕಟ್ಟುವುದಕ್ಕೊಂದು, ಊಟದ ಪಂಕ್ತಿಗೊಂದು, ಹೆಣ್ಣು ಕಳಿಸುವುದಕ್ಕೊಂದು ಎಂದು ಹಾಡು ಅಂಟಿಸಿ ಅಂಟಿಸಿ, ಜಗತ್ತಿನ ಪ್ರತಿ ಕೆಲಸಕ್ಕೂ ತನ್ನ ಬಳಿ ಹಾಡಿದೆ ಎಂದು ನಂಬಿದ್ದ.

“ಇದ್ನ ಕೇಳಲೇ, ಕಾಲು ತಾವ ಓಡ್ತಾವ,” ಎಂದು ಮೊದಲ ದಿನ ತೆಲುಗಿನ ಡಿಜೆ ಹಾಡೊಂದನ್ನು ಹಾಕಿಕೊಟ್ಟ.

ಕಾಲು ತಾವೇ ಓಡಿದವು, ಸುಳ್ಳಲ್ಲ. ಎಷ್ಟು ಓಡಿದವೆಂದರೆ ಅರ್ಧ ಸುತ್ತಿಗೇ ನನ್ನನ್ನು ಬಿಟ್ಟು ಹೋದವು. ನಾನು ಮೈದಾನದ ಕಟ್ಟೆ ಹಿಡಿದು ವಾಂತಿ ಮಾಡಿಕೊಳ್ಳುವಾಗಲೂ ಕಿವಿಯಲ್ಲಿ ಆ ಡಬ್ ಡಬ್ ನಡೆದೇ ಇತ್ತು.

ಸಿನಿಮಾ ಹಾಡು ಹಾಕಿದೆ. ಒಳ್ಳೇ ಓಘದಲ್ಲಿ ಹೋಗುತ್ತಿರುವಾಗ ನಡುವೆ ವಾದ್ಯವೆಲ್ಲ ನಿಂತು ನಾಯಕಿ ಒಬ್ಬಳೇ ಗುನುಗತೊಡಗುತ್ತಾಳೆ. ಅವಳು ಗುನುಗಿ ಮುಗಿಸುವವರೆಗೆ ನಾನೇನು ಮಾಡಬೇಕು? ಅದೂ ಅಲ್ಲದೆ ನಾಲ್ಕು ನಿಮಿಷಕ್ಕೆ ಹಾಡು ಮುಗಿದು, ಇನ್ನೊಂದು ಶುರುವಾಗುವ ಸಂದಿನಲ್ಲಿ ಸಿಮೆಂಟಿನ ಜಾಹೀರಾತು. ಗಟ್ಟಿ ಮನೆ ಕಟ್ಟಿರೆಂದು ಒಬ್ಬ ಕೂಗುತ್ತಿದ್ದ. ನನ್ನ ಮೊಣಕಾಲೇ ಕಳಚಿ ಬೀಳುತ್ತಿತ್ತು. ನಮ್ಮ ಕಡೆಯ ಹೊಸ ಜಾನಪದ ಡಿಜೆ ಹಾಡುಗಳನ್ನು ಹಾಕಿದೆ. ಹತ್ತರಲ್ಲಿ ಒಂಬತ್ತು ಹುಡುಗಿ ಕೈಕೊಟ್ಟ ಹಾಡುಗಳು. ಎರಡನೆಯ ಸುತ್ತಿಗೆ ನನಗೂ ಯಾರೋ ಕೈಕೊಟ್ಟ ಹಾಗೆ ಮನಸ್ಸು ಜಡವಾಗುತ್ತಿತ್ತು. ಕೈಕೊಡಲು ನನಗೆ ಯಾರೂ ಇರಲಿಲ್ಲ. ಭಜನೆ ಪದ ಹಾಕಿದೆ. ಅದು ನಿಧಾನವಾಗಿ ಎದ್ದು, ಕೊನೆಗೆ ಏಕ್‌ದಂ ಓಡುತ್ತದೆ, ಅಷ್ಟರಲ್ಲಿ ನನ್ನ ಹೊತ್ತು ಮೀರಿರುತ್ತದೆ. ಓಡುವವರಿಗೆಂದೇ ಮಾಡಿದ್ದೆಂಬ ಇಂಗ್ಲಿಷ್ ಸಂಗೀತವೂ ಇತ್ತು. ಹಿಟ್ಟಿನ ಗಿರಣಿಯೊಳಗೆ ಓಡಿದ ಹಾಗಾಯಿತು.

ಇದರ ಮೇಲೆ ಬೆವರಿಗೆ ಜಾರಿ ಬೀಳುವ ಇಯರ್‌ಫೋನ್ ಬೇರೆ. ಒಂದು ದಿನ ಅದನ್ನು ಕಿತ್ತು ಖೋಲಿಯ ಗೋಡೆಗೆ ಎಸೆದೆ. ಗೆಳೆಯ ಆರಿಸಿಕೊಟ್ಟ.

“ನಿಂಗ ಹಾಡು ಬ್ಯಾಡಲೇ,” ಎಂದ. “ಬೈಯಾಕ ಏನರ ಒಂದು ಬೇಕಾಗೈತಿ.”

ಅವನು ಹೇಳಿದ್ದು ಖರೆ ಇತ್ತು. ಅದಕ್ಕೇ ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ಹಾಡು ಸಿಕ್ಕದ್ದು ಹುಡುಕುವಾಗಲ್ಲ. ಮೊಬೈಲಿನಲ್ಲಿ ಜಾಗವಿಲ್ಲವೆಂದು ಹಳೆಯ ವಿಡಿಯೋಗಳನ್ನು ಅಳಿಸುತ್ತಿದ್ದೆ. ಅದರಲ್ಲಿ ಹಿಂದಿನ ವರ್ಷದ ಅಲಾಯಿ ಹಬ್ಬದ ಕೊನೆಯ ದಿನ ಮಧ್ಯಾಹ್ನ ನಾನೇ ಹಿಡಿದ ವಿಡಿಯೋ ಇತ್ತು. ನಮ್ಮೂರ ಹೆಜ್ಜೆ ಮೇಳದ್ದು. ನಾವು ಮುಸಲ್ಮಾನರಲ್ಲ, ಆದರೆ ನಮ್ಮ ಕಡೆ ಮೊಹರಮ್ಮಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಮೇಳದ ಮುಂದೆ ನಿಂತು ಪದ ಹೇಳುವವನು ನನ್ನಪ್ಪ. ಎರಡು ಸಾಲಿನಲ್ಲಿ ನಲವತ್ತು ಜನ, ಕೈಯಲ್ಲಿ ವಸ್ತ್ರ, ಕಾಲಲ್ಲಿ ಗೆಜ್ಜೆ, ಬದಿಗೆ ಹಲಗಿಯ ಬಡಿತ. ಅಪ್ಪ ಒಂದು ಸಾಲು ಎತ್ತುತ್ತಾನೆ, ಮೇಳ ಹಿಂದಿನಿಂದ ಹೇಳುತ್ತದೆ, ಹೆಜ್ಜೆ ನಿಲ್ಲುವುದಿಲ್ಲ. ಉದ್ದ ನೋಡಿದೆ: ಆರು ನಿಮಿಷ ಇಪ್ಪತ್ತೆಂಟು ಸೆಕೆಂಡ್. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂವರೆ ತಿಂಗಳಿಂದ ಅದು ನನ್ನ ಜೇಬಿನಲ್ಲೇ ಬಿದ್ದಿತ್ತು.

ಮಾರನೆಯ ಬೆಳಗ್ಗೆ ಅದನ್ನು ಹಾಕಿಕೊಂಡು ಓಡಿದೆ. ಹೆಜ್ಜೆ ಹಲಗಿಗೆ ಸರಿಯಾಗಿ ಬಿತ್ತು. ಉಸಿರು ಸಾಲಿಗೆ ಸರಿಯಾಗಿ ಬಂತು. ಇನ್ನೇನು ಅರ್ಧ ಸುತ್ತು ಮುಗಿಯಬೇಕು, ಕಿವಿಯಲ್ಲಿ ಅಪ್ಪನ ಸೀಟಿ ಬಿತ್ತು. ನಾನು ಗಿರಕ್ಕನೆ ಹಿಂದಕ್ಕೆ ತಿರುಗಿ, ವಾಕಿಂಗ್ ಬಂದಿದ್ದ ನಿವೃತ್ತ ಮಾಸ್ತರರೊಬ್ಬರ ಎದೆಗೆ ಹೋಗಿ ಬಡಿದೆ.

“ಏನಪಾ, ಕಣ್ಣು ಕಾಣಂಗಿಲ್ಲೇನು?” ಎಂದರು ಅವರು.

ಕಣ್ಣು ಕಾಣುತ್ತಿತ್ತು. ನಮ್ಮೂರ ಓಣಿ ಗಿಡ್ಡ. ಮೇಳ ಮುಂದೆ ಹೋಗಿ ಹೋಗಿ ಗೋಡೆ ಹತ್ತಿರವಾದಾಗ ಅಪ್ಪ ಸೀಟಿ ಊದುತ್ತಾನೆ. ಊದಿದ ಕ್ಷಣ ಇಡೀ ಮೇಳ ಹೆಜ್ಜೆ ತಪ್ಪದೆ ಹಿಂದಕ್ಕೆ ತಿರುಗಬೇಕು. ಹಿಂದಿದ್ದ ಸಾಲು ಮುಂದಾಗಬೇಕು. ನಾನು ಐದು ವರ್ಷದವನಿದ್ದಾಗ ಒಮ್ಮೆ ತಿರುಗದೆ ಎದುರಿನವನಿಗೆ ಡಿಕ್ಕಿ ಹೊಡೆದು ಅಪ್ಪನಿಂದ ತಲೆಗೆ ಮೊಟಕಿಸಿಕೊಂಡಿದ್ದೆ. ಅಲ್ಲಿಂದೀಚೆಗೆ ಪದ ನಡೆದಿರುವಾಗ ಸೀಟಿ ಕೇಳಿ ನಾನು ತಿರುಗದ ದಿನವಿಲ್ಲ.

ಸ್ಟುಡಿಯೋಕ್ಕೆ ಹೋಗಿ ಗೆಳೆಯನ ಮುಂದೆ ಮೊಬೈಲ್ ಇಟ್ಟೆ. “ಇದ್ರಾಗಿನ ಸೀಟಿ ಎಲ್ಲಾ ತಗದುಬಿಡು.”

“ಇರ್ಲಿ ಬಿಡಲೇ. ನಾಕು ದಿನ ಓಡಿದ್ರ ರೂಢಿ ಆಗ್ತೈತಿ.”

“ನಾಕು ದಿನ ಹಾಳ್ಮಾಡಾಕ ನನ್ನ ಹಂತ್ಯಾಕ ಟೈಮಿಲ್ಲ. ಕತ್ತರಿಸು ಅಂದ್ರ ಕತ್ತರಿಸು.”

ಹನ್ನೊಂದು ಸೀಟಿಗಳಿದ್ದವು. ಒಂದೊಂದನ್ನೂ ಕತ್ತರಿಸಿ, ಆ ಜಾಗಕ್ಕೆ ಹಲಗಿಯ ಪೆಟ್ಟು ತಂದು ಕೂರಿಸಿದ. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಎಲ್ಲಿ ಹೊಲಿದಿದ್ದಾನೆ ಎಂಬುದೇ ತಿಳಿಯುತ್ತಿರಲಿಲ್ಲ. ಆ ನಾಲ್ಕು ದಿನ ಉಳಿಸಿದ್ದಕ್ಕೆ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಅಲ್ಲಿಂದ ಎಲ್ಲವೂ ಸರಿಹೋಯಿತು. ಆರು ನಿಮಿಷ ಐವತ್ತು ಸೆಕೆಂಡ್ ಇದ್ದದ್ದು ನಲವತ್ತಕ್ಕೆ ಬಂತು, ಮೂವತ್ತಕ್ಕೆ ಬಂತು, ಒಂದು ತಿಂಗಳಿಗೆ ಇಪ್ಪತ್ತೆರಡಕ್ಕೆ ಇಳಿಯಿತು. ಕೊನೆಯ ವಾರ ಮೊಬೈಲನ್ನು ಖೋಲಿಯಲ್ಲೇ ಬಿಟ್ಟು ಓಡಿದೆ. ಹಾಡು ತಲೆಯೊಳಗೆ ತಾನಾಗಿಯೇ ನಡೆಯಿತು, ಅಪ್ಪನ ದನಿ ಸಮೇತ. ಮೊದಲ ಸಲ ಓಡುವುದು ನನಗೆ ಸುಖವೆನಿಸಿತು.

ಒಂದು ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ ಅದನ್ನು ಕೇಳಿಸಿದೆ. ಹೊಗಳುತ್ತಾನೆ ಎಂದುಕೊಂಡಿದ್ದೆ. ಅಪ್ಪ ಕಟ್ಟೆಯ ಮೇಲೆ ಕುಂತು ಮೊಬೈಲನ್ನು ಕಿವಿಗೆ ಒತ್ತಿಕೊಂಡು ಪೂರ್ತಿ ಕೇಳಿದ.

“ಇದು ಅಳೂ ಪದ ಐತಿ ತಮ್ಮಾ. ಕರ್ಬಲಾದಾಗ ನೀರಿಲ್ದ ಸತ್ತವರ ಕತಿ. ಇದ್ನ ಹಾಕ್ಕೊಂಡು ಓಡ್ತಿಯೇನು?”

“ಹೆಜ್ಜಿ ಛಲೋ ಬೀಳ್ತಾವ ಯಪ್ಪಾ.”

“ಬೀಳ್ಲಿ ಬಿಡು. ಖರೆ, ಇದ್ರಾಗ ಸೀಟಿ ಎಲ್ಲೈತಿ?”

“ತಗದೀನಿ.”

ಅಪ್ಪ ಮೊಬೈಲ್ ಕೆಳಗಿಟ್ಟ. “ಸೀಟಿ ಇಲ್ಲಂದ್ರ ಮೇಳ ಗ್ವಾಡಿಗೆ ಹೋಗಿ ಬಡೀತೈತಿ,” ಎಂದು ಎದ್ದು ಎತ್ತಿಗೆ ಮೇವು ಹಾಕಲು ಹೋದ. ಮುದುಕನಿಗೆ ಮೈದಾನ ಯಾವುದು, ಓಣಿ ಯಾವುದು ಗೊತ್ತಾಗುವುದಿಲ್ಲ ಎಂದು ನಾನು ಒಳಗೊಳಗೇ ಸಿಡಿಮಿಡಿಗೊಂಡೆ.

ಪರೀಕ್ಷೆಯ ದಿನ ಬೆಳಗ್ಗೆ ಬಿಸಿಲು ಇನ್ನೂ ಎಳೆಯದಿತ್ತು. ಎದೆಗೆ ನಂಬರಿನ ಚೀಟಿ ಅಂಟಿಸಿ ನಮ್ಮನ್ನು ಗೆರೆಯ ಮೇಲೆ ನಿಲ್ಲಿಸಿದರು. ಬಾವುಟ ಬೀಸಿದ ಕೂಡಲೇ ತಲೆಯೊಳಗೆ ಅಪ್ಪ ಪದ ಎತ್ತಿದ. ಮೊದಲ ಸುತ್ತಿನಲ್ಲಿ ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು. ಹೋಗಲಿ ಎಂದು ಬಿಟ್ಟೆ. ಎರಡನೆಯ ಸುತ್ತಿನಲ್ಲಿ ಅವರೇ ಒಬ್ಬೊಬ್ಬರಾಗಿ ನನ್ನ ಹಿಂದೆ ಬಿದ್ದರು. ಮೂರು ಸುತ್ತು ಮುಗಿದಾಗ ಉಸಿರು ಹಿಡಿತದಲ್ಲಿತ್ತು, ಪದವೂ ಅದರ ಜಾಗದಲ್ಲಿ ಸರಿಯಾಗಿತ್ತು. ನನಗೆ ನೌಕರಿ ಸಿಕ್ಕೇಬಿಟ್ಟಿತೆಂದು ಖುಷಿಯಾಗಿತ್ತು, ನಿಜ ಹೇಳುತ್ತೇನೆ.

ನಾಲ್ಕನೆಯ ಸುತ್ತಿನ ಮೊದಲ ತಿರುವಿನಲ್ಲಿದ್ದೆ. ಮುಂದಿನ ತಂಡದವನೊಬ್ಬ ಮೈದಾನಕ್ಕೆ ಅಡ್ಡ ನಡೆದುಕೊಂಡು ಬಂದ. ಅವನನ್ನು ಆಚೆ ಸರಿಸಲು ಅಧಿಕಾರಿಯೊಬ್ಬರು ಸೀಟಿ ಊದಿದರು. ಒಂದೇ ಸೀಟಿ, ಉದ್ದನೆಯದು.

ನಾನು ತಿರುಗಿದೆ.

ತಿರುಗಬೇಕೆಂದು ತಿರುಗಲಿಲ್ಲ. ಕಾಲು ಕೇಳಿತು, ಕಾಲು ತಿರುಗಿತು. ಎದುರಿಗೆ ಓಡಿ ಬರುತ್ತಿದ್ದವರ ಮುಖಗಳು ಕಂಡವು. ಒಬ್ಬನ ಭುಜ ನನ್ನ ಭುಜಕ್ಕೆ ಬಡಿದು ನಾನು ಕೆಳಗೆ ಕುಕ್ಕರಿಸಿದೆ. ಎದ್ದೆ, ಮತ್ತೆ ತಿರುಗಿದೆ, ಓಡಿದೆ. ಪದ ತಲೆಯಿಂದ ಹಾರಿಹೋಗಿತ್ತು. ಹಲಗಿ ಇಲ್ಲ, ಅಪ್ಪನ ದನಿ ಇಲ್ಲ, ನನ್ನದೇ ತೇಕು ಮಾತ್ರ ಕೇಳುತ್ತಿತ್ತು. ಆರು ನಿಮಿಷ ಮೂವತ್ತಮೂರು ಸೆಕೆಂಡ್ ಎಂದರು. ಮೂರು ಸೆಕೆಂಡಿಗೆ ನನ್ನ ಹೆಸರಿನ ಮೇಲೆ ಗೆರೆ ಎಳೆದರು. ಸೀಟಿ ಊದಿದ ಅಧಿಕಾರಿಗೆ ಏನೂ ಗೊತ್ತೇ ಇರಲಿಲ್ಲ. ಅವರು ತಮ್ಮ ಕೆಲಸ ಮಾಡಿದ್ದರು.

ಆ ಹನ್ನೊಂದು ಸೀಟಿಗಳನ್ನು ಹಾಗೇ ಬಿಟ್ಟು ಓಡಿದ್ದರೆ, ತಿಂಗಳು ದಿನದಲ್ಲಿ ಕಾಲಿಗೆ ಅದನ್ನು ಕೇಳಿಯೂ ಕೇಳದಂತಿರುವುದು ರೂಢಿಯಾಗುತ್ತಿತ್ತು. ಬಸ್ಸಿನಲ್ಲಿ ಊರಿಗೆ ಹೋಗುವಾಗ ಇದೊಂದೇ ಯೋಚನೆ. ಮನೆ ಮುಟ್ಟುವಷ್ಟರಲ್ಲಿ ಆ ತಪ್ಪನ್ನು ಹೊರುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಬಾಗಿಲಲ್ಲಿ ಅಪ್ಪ ನಿಂತಿದ್ದ.

“ಏನಾತು ತಮ್ಮಾ?”

“ಏನಾಗ್ತೈತಿ! ನಿನ್ನ ಸೀಟಿಯಿಂದ ನನ್ನ ನೌಕರಿ ಹೋತು. ಸಣ್ಣಾಂವ ಇದ್ದಾಗಿಂದ ಊದಿ ಊದಿ ನನ್ನ ಎತ್ತಿನಂಗ ಮಾಡಿಟ್ಟಿ!”

ನಡೆದದ್ದನ್ನೆಲ್ಲ ಕೂಗಾಡುತ್ತಲೇ ಹೇಳಿದೆ. “ಊಟಾ ಮಾಡು,” ಎಂದ ಅಪ್ಪ, ಅಷ್ಟೇ. ಸೀಟಿಯ ಆ ಮಾತು ನಾನು ಆಡಬಾರದಿತ್ತು ಎಂದು ನನಗೆ ಅದೇ ಕ್ಷಣಕ್ಕೆ ಗೊತ್ತಾಗಿತ್ತು. ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಕುಕನೂರಿನಲ್ಲಿ ಬೀಜ ಗೊಬ್ಬರದ ಅಂಗಡಿಯೊಂದಕ್ಕೆ ಸೇರಿದೆ. ಓಡುವುದನ್ನು ಬಿಟ್ಟೆ, ಹಾಡು ಕೇಳುವುದನ್ನೂ ಬಿಟ್ಟೆ. ಅಲಾಯಿ ಹಬ್ಬ ಬಂತು. ಕೊನೆಯ ದಿನ ಮಧ್ಯಾಹ್ನ ಒಲ್ಲದ ಮನಸ್ಸಿನಿಂದ ಊರಿಗೆ ಹೋಗಿ ಮೇಳದ ಹಿಂದಿನ ಸಾಲಿನಲ್ಲಿ ನಿಂತೆ. ಅಪ್ಪ ಅದೇ ಪದ ಎತ್ತಿದ. ಮೇಳ ಗೋಡೆಯ ಹತ್ತಿರ ಹೋಯಿತು. ಸೀಟಿ ಬೀಳಲಿಲ್ಲ. ಅಪ್ಪ ಕೈ ಎತ್ತಿ ಬೀಸಿದ.

ಮುಂದಿದ್ದ ನಾಲ್ಕು ಜನಕ್ಕೆ ಕಂಡಿತು, ಅವರು ತಿರುಗಿದರು. ಉಳಿದವರು ಅವರ ಮೇಲೆಯೇ ಹೋಗಿ ಬಿದ್ದರು. ಹಲಗಿ ನಿಂತಿತು, ಒಬ್ಬರ ಗೆಜ್ಜೆ ಹರಿಯಿತು.

“ಸೀಟಿ ಎಲ್ಲೈತೋ ಮಾರಾಯಾ?” ಎಂದು ಹಲಗಿಯವನು ಒದರಿದ.

“ಕಳದೈತಿ,” ಎಂದ ಅಪ್ಪ. “ಕೈ ನೋಡ್ಕೋಂತ ಕುಣೀರಿ.”

ಕಳೆದಿರಲಿಲ್ಲ. ಸೀಟಿಯ ಕೆಂಪು ದಾರ ಅಪ್ಪನ ಅಂಗಿಯ ಜೇಬಿನಿಂದ ಬೆರಳುದ್ದ ಹೊರಗೆ ಇಣುಕುತ್ತಿತ್ತು. ಮತ್ತೆ ಪದ ಎತ್ತಿದ, ಮತ್ತೆ ಕೈ ಬೀಸಿದ, ಮತ್ತೆ ಮೇಳ ಮುರಿಯಿತು. ಇಷ್ಟು ವರ್ಷ ಈ ಓಣಿಯಲ್ಲಿ ಒಂದು ಹೆಜ್ಜೆ ತಪ್ಪಗೊಡದವನು ಊರವರಿಂದ ಬೈಸಿಕೊಳ್ಳುತ್ತ ನಿಂತಿದ್ದ, ನಾನು ನಿಂತಿದ್ದ ಕಡೆ ಮಾತ್ರ ನೋಡುತ್ತಿರಲಿಲ್ಲ. ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಹೀಗೆ ಮಾಡೆಂದು ಅಪ್ಪನಿಗೆ ಯಾರು ಹೇಳಿದ್ದರು? ನಾನೇ ಹೇಳಿದ್ದೆ.

ಮೂರನೆಯ ಸಲ ಪದ ಶುರುವಾದಾಗ ಸಾಲು ಬಿಟ್ಟು ಮುಂದೆ ಹೋದೆ. ಅಪ್ಪನ ಜೇಬಿನ ದಾರ ಹಿಡಿದು ಸೀಟಿ ಎಳೆದು ಅವನ ಮುಂದೆ ಹಿಡಿದೆ.

“ಊದು ಯಪ್ಪಾ.”

ಅಪ್ಪ ಹಾಡುತ್ತಲೇ ತಲೆ ಅಲ್ಲಾಡಿಸಿದ. ಗೋಡೆ ಹತ್ತಿರ ಬರುತ್ತಿತ್ತು. ನಾನೇ ಬಾಯಿಗಿಟ್ಟುಕೊಂಡು ಊದಿದೆ. ನಲವತ್ತು ಜನ ಒಟ್ಟಿಗೆ ತಿರುಗಿದರು, ಅಪ್ಪನೂ ತಿರುಗಿದ. ಸೀಟಿ ಇನ್ನೂ ನನ್ನ ಬಾಯಲ್ಲೇ ಇತ್ತು, ನಾನೂ ತಿರುಗಿದ್ದೆ.