ಒಂದೇ ಗಾಜಿನ ಮೇಲೆ ಎರಡು ಮೂಗು

ಕೋಲ್ಕತ್ತದ ಕಸ್ಬಾ ಬಡಾವಣೆಯ ಲ್ಯಾಬಿನಲ್ಲಿ ಬೆಳಕು ಹರಿಯುವ ಹೊತ್ತಿಗೇ ಶೋಭಾ ಫ್ಯಾನ್ ಆರಿಸಿ ಕೂತಿದ್ದಾರೆ. ಮೇಣದಲ್ಲಿ ಹುದುಗಿಸಿದ ಮೂಗಿನ ಮಾಂಸದ ಚೂರನ್ನು ಯಂತ್ರದ ಅಲಗು ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳುತ್ತದೆ. ಗಾಳಿ ಸೋಕಿದರೆ ಹಾರಿಹೋಗುವ ಆ ಪದರವನ್ನು ಉಸಿರು ಬಿಗಿಹಿಡಿದು ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಗಾಜಿನ ಪಟ್ಟಿಗೆ ಎತ್ತಿಕೊಳ್ಳುತ್ತಾರೆ. ಇಲ್ಲಿನ ಸೆಕೆಯಲ್ಲಿ ಫ್ಯಾನಿಲ್ಲದೆ ಕೂರಬೇಕೆಂದರೆ ಬೆಳಗಿನ ಜಾವವೇ ಗತಿ.

ಧಾರವಾಡದ ಶೋಭಾ, ರೈಲ್ವೆ ನೌಕರ ಉಮಾಪತಿಯವರ ಕೈಹಿಡಿದು ಸಿಯಾಲ್ದಾದ ಕ್ವಾರ್ಟರ್ಸಿಗೆ ಬಂದವರು. ದಿನಕ್ಕೆ ಇಂಥ ಮೂವತ್ತರಷ್ಟು ಗಾಜು ಸಿದ್ಧಪಡಿಸುತ್ತಾರೆ. ವೈದ್ಯರು ಹುಡುಕುವ ಪ್ರೋಟೀನ್ ಎಲ್ಲಿದೆಯೋ ಅಲ್ಲಿ ಕಂದು ಬಣ್ಣ ಹಿಡಿಯುವಂತೆ ಮಾಡುವುದು ಅವರ ಕೆಲಸ. ಮೂಗಿನಲ್ಲಿ ದುರ್ಮಾಂಸ ಬೆಳೆದವರ ಚೂರುಗಳು ಶೋಭಾರ ಪಾಲಿಗೆ. ಆರೋಗ್ಯವಾದ ಮೂಗಿನವು ಜೊತೆಗೆ ಕೆಲಸ ಮಾಡುವ ಬೆಂಗಳೂರಿನ ಹುಡುಗಿ ಪ್ರತೀಕ್ಷಾ ಪಾಲಿಗೆ.

ಹೊಟ್ಟೆಕಿಚ್ಚು ಹತ್ತಿಕೊಂಡಿದ್ದು ಇಲ್ಲೇ. ಪ್ರತೀಕ್ಷಾಳ ಗಾಜಿನಲ್ಲಿ ಜೀವಕೋಶಗಳ ನಡುವಿನ ಕಂದು ಗೆರೆ ಎಲ್ಲೂ ಕಡಿಯುವುದಿಲ್ಲ. ಅದರ ಫೋಟೊ ಗೋಡೆಯೇರಿತು. ಶೋಭಾರ ಗಾಜಿನಲ್ಲಿ ಅದೇ ಗೆರೆ ಮಾಸಲು, ಅಲ್ಲಲ್ಲಿ ತುಂಡು. ಇದು ರೋಗವೋ, ಬಣ್ಣ ಹಾಕಿದವರ ಕೈಯೋ ಎಂದು ಹಿರಿಯ ವೈದ್ಯೆ ಎಲ್ಲರೆದುರೇ ಕೇಳಿಬಿಟ್ಟರು. ಕೈಯದೇ ತಪ್ಪೆಂದಾದರೆ ಅಷ್ಟು ದಿನದ ದುಡಿಮೆ ಕಸದ ಬುಟ್ಟಿಗೆ. ಮಾನವೂ ಅದರ ಹಿಂದೆಯೇ.

"ಆ ಫೋಟೊ ನೋಡಿದಾಗೊಮ್ಮೆ ಹೊಟ್ಟಿ ಉರೀತಿತ್ರೀ. ಚಲೋ ಮೂಗು ಕೊಟ್ರ ಯಾರ ಗಾಜು ಚಂದ ಕಾಣಂಗಿಲ್ಲ?" ಎನ್ನುತ್ತಾರೆ, ಮುಚ್ಚುಮರೆಯಿಲ್ಲದೆ. ಫೋಟೊ ಓರೆಯಾಗಿದ್ದರೂ ನೆಟ್ಟಗೆ ಮಾಡಲು ಮನಸ್ಸು ಬರುತ್ತಿರಲಿಲ್ಲವಂತೆ.

ದಾರಿ ಒಂದೇ ಇತ್ತು. ಎರಡೂ ಬಗೆಯ ಚೂರನ್ನು ಒಂದೇ ಗಾಜಿನ ಮೇಲೆ ಕೂರಿಸಿ, ಒಂದೇ ಕೈಯಿಂದ ಬಣ್ಣ ಹಾಕಬೇಕು. ಅದಕ್ಕೆ ಪ್ರತೀಕ್ಷಾಳ ಮುಂದೆ ಕೈಯೊಡ್ಡಬೇಕು! ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರಂತೆ ಕೆಲವು ದಿನ ಒದ್ದಾಡಿ, ಕೊನೆಗೆ ಕೇಳಿದರು.

ಹುಡುಗಿ ಮರುಮಾತಿಲ್ಲದೆ ಕೊಟ್ಟಳು. ಕೊಟ್ಟವಳು, "ಶೋಭಕ್ಕ, ನನ್ನ ಗಾಜನ್ನ ಗೋಡೆಗೆ ಹಾಕಿ ಮರ್ತುಬಿಟ್ರು. ನಿಮ್ಮದರ ಮುಂದೆ ಡಾಕ್ಟ್ರು ದಿನವಿಡೀ ಕೂತಿರ್ತಾರೆ. ನಂಗೂ ನಿಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚೇ" ಎಂದಳು. ಶೋಭಾರಿಗೆ ಒಳಗೊಳಗೇ ಹಿತವಾಯಿತು, ಅಷ್ಟೇ.

ಬಣ್ಣ ಹಿಡಿಯಿತು. ಆರೋಗ್ಯದ ಚೂರಿನಲ್ಲಿ ಗೆರೆ ಅಖಂಡ, ಪಕ್ಕದ ರೋಗದ ಚೂರಿನಲ್ಲಿ ತುಂಡು ತುಂಡು. ಕೈಯದು ತಪ್ಪಲ್ಲವೆಂದು ವೈದ್ಯೆ ಒಪ್ಪಿಕೊಂಡರು. ಈಗ ಲ್ಯಾಬಿನಲ್ಲಿ ಎಲ್ಲ ಗಾಜುಗಳೂ ಹೀಗೆ ಜೋಡಿಯಾಗಿಯೇ ತಯಾರಾಗುತ್ತವೆ.

ಹಾಗಾದರೆ ಕಿಚ್ಚು ಆರಿತೇ? ಶೋಭಾ ಕೈಗವಸು ಕಳಚುತ್ತಾ ಅಡ್ಡಡ್ಡ ತಲೆಯಾಡಿಸುತ್ತಾರೆ.

"ಇಲ್ರೀ. ಈಗ ಚಲೋ ಮೂಗಿಗೂ ನಾನ ಬಣ್ಣ ಹಾಕಿ ನೋಡೇನಲ್ಲ, ಆಕೀ ಗೆರಿ ನನ್ನ ಗೆರಿಗಿಂತ ಒಂದ ಕೂದಲೆಳಿ ಚಂದನ ಐತಿ. ಇದನ್ನ ನೀವು ಪೇಪರಿನ್ಯಾಗ ಬರೀರಿ. ಆಕೀ ಮುಂದ ಬಾಯಿಲೆ ಹೇಳೂದು ನನ್ನ ಕಡಿಂದ ಆಗಂಗಿಲ್ಲ."