ಗಫಾರ್ ಸಾಹೇಬರ ಕಾರಿಗೆ ಟಾಪು

ಶಿಡ್ಲಘಟ್ಟದಲ್ಲಿ ತುಂತುರು ಮಳೆ ಬಿದ್ದು ಜನರೆಲ್ಲ ಅಂಗಡಿಗಳ ಸೂರಿನಡಿ ಸರಿದು ನಿಂತಾಗ, ಗಫಾರ್ ಸಾಹೇಬರ ಕಾರು ಮಾತ್ರ ನಡುರಸ್ತೆಯಲ್ಲಿ ಕೊಡೆ ಹಿಡಿದುಕೊಂಡು ಬರುತ್ತಿತ್ತು. ಸ್ಟಿಯರಿಂಗ್ ಸಾಹೇಬರ ಕೈಯಲ್ಲಿ. ಇಬ್ಬರ ತಲೆಗೂ ಸಾಲುವ ಕಪ್ಪು ಕೊಡೆ ಪಕ್ಕದಲ್ಲಿ ಕುಳಿತ ಅವರ ಪತ್ನಿ ಜೈನಬಿಯವರ ಕೈಯಲ್ಲಿ. ಕೊಡೆ ಮಗುಚದಷ್ಟೇ ವೇಗ. ಸೈಕಲ್ಲಿನವರು ಸಲಾಂ ಹೇಳಿ ಮುಂದೆ ಹೋಗಿಬಿಡುತ್ತಿದ್ದರು.

ಅದು ಎರಡೇ ಸೀಟಿನ, ನೆತ್ತಿ ಬಯಲಾದ ಹಳೆಯ ಸ್ಪೋರ್ಟ್ಸ್ ಕಾರು. ಮಡಿಚುವ ಬಟ್ಟೆಯ ಹೊದಿಕೆ ಎಂದೋ ಹರಿದುಹೋಗಿತ್ತು. ಊರಿನವರು ಅದನ್ನು ಷೋಕಿ ಎಂದರು. ನಿಜವಾದ ಕಾರಣ ಬೇರೆ. ಬಸ್ಸಾಗಲಿ ಮುಚ್ಚಿದ ಕಾರಾಗಲಿ, ಹತ್ತಿದರೆ ಜೈನಬಿಯವರಿಗೆ ವಾಂತಿ. ಚಿಕ್ಕಬಳ್ಳಾಪುರದ ತವರು ಮುಟ್ಟುವಷ್ಟರಲ್ಲಿ ಹಣ್ಣಾಗಿಬಿಡುತ್ತಿದ್ದರು. ಮಕ್ಕಳಿಲ್ಲದ ಆ ಮನೆಯಲ್ಲಿ ಸಾಹೇಬರು ಹೆಂಡತಿಯನ್ನು ಬಿಟ್ಟು ಎಲ್ಲಿಗೂ ಹೊರಟವರಲ್ಲ. ಹಾಗಾಗಿ ಗಾಳಿಯಾಡುವ ಕಾರನ್ನೇ ಹುಡುಕಿ ತಂದರು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಆ ಊರಿಗೆ ಉಪನ್ಯಾಸಕನಾಗಿ ಬಂದೆ. ಸಮಾಜವನ್ನು ವಾದದಿಂದ ತಿದ್ದಬಹುದೆಂದು ಆಗ ನಂಬಿದ್ದೆ, ಈಗಲೂ ನಂಬುತ್ತೇನೆ. ರೇಷ್ಮೆ ನೂಲು ಬಿಚ್ಚುವ ಹೆಂಗಸರಿಗೆ ಅಕ್ಷರ ಕಲಿಸಲು ಸ್ಥಳ ಕೇಳಿದಾಗ ಸಾಹೇಬರು ತಮ್ಮ ಫಿಲೇಚರಿನ, ಅಂದರೆ ನೂಲು ಬಿಚ್ಚುವ ಕಾರ್ಖಾನೆಯ, ಜಗಲಿಯನ್ನು ಬಿಟ್ಟುಕೊಟ್ಟರು. ಕೃತಜ್ಞತೆಗೆಂದು ಅವರನ್ನು ಕಾಲೇಜಿನ ಚರ್ಚಾಸ್ಪರ್ಧೆಗೆ ತೀರ್ಪುಗಾರರನ್ನಾಗಿ ಕರೆದೆ. ವಿಷಯ, ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು. ವಿರೋಧಿಸಿ ಮಾತನಾಡಿದ ವಿದ್ಯಾರ್ಥಿಗೆ ಭಾರಿ ಚಪ್ಪಾಳೆ ಬಿತ್ತು. ಸಾಹೇಬರು ಎದ್ದು ನಿಂತು, "ಈ ಹುಡ್ಗ ಬಹಳ ಚೆನ್ನಾಗಿ ಮಾತಾಡ್ದ. ನಾಳೆ ಅವನ ಅಕ್ಕನ್ನ ಕರ್ಕೊಂಡು ಬರ್ಲಿ. ಅವಳೂ ಹೌದು ಅಂದ್ರೆ ಪ್ರೈಜು ಕೊಡಣ," ಎಂದು ಕುಳಿತರು. ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಎಷ್ಟು ಹೇಳಿದರೂ ತೀರ್ಪು ಬದಲಾಗಲಿಲ್ಲ.

ತೊಂಬತ್ತರ ದಶಕ ಕಾಲಿಟ್ಟ ಹೊಸತರಲ್ಲಿ ಜೈನಬಿಯವರು ಹೃದಯಾಘಾತದಿಂದ ತೀರಿಕೊಂಡರು. ಕೆಲವು ತಿಂಗಳು ಕಾರು ಅಂಗಳದಲ್ಲೇ ನಿಂತಿತ್ತು. ಆಮೇಲೆ ಸಾಹೇಬರು ಚಿಂತಾಮಣಿಯಲ್ಲಿ ಬಸ್ಸಿನ ಬಾಡಿ ಕಟ್ಟುವವರ ಬಳಿ ಹೋಗಿ ಅದಕ್ಕೊಂದು ಗಟ್ಟಿ ಟಾಪು ಮಾಡಿಸಿದರು: ಕಬ್ಬಿಣದ ಚೌಕಟ್ಟು, ಮೇಲೆ ತಗಡು, ಅಂಚಿಗೆ ರಬ್ಬರು, ಹಿಂದೆ ಅಂಗೈಯಗಲದ ಗಾಜು. ಬೆಸುಗೆ ಹಾಕಿಬಿಟ್ಟರೆ ನೀರು ಸೋರುವುದಿಲ್ಲವೆಂದು ಬಾಡಿ ಕಟ್ಟುವವನು ಬುದ್ಧಿ ಹೇಳಿದನಂತೆ. ಸಾಹೇಬರು ಒಪ್ಪಲಿಲ್ಲ. "ನಮ್ದು ಬಿಚ್ಚೋ ಕಸುಬಪ್ಪ. ಬೆಸ್ದಿದ್ದು ನಂಗೆ ಆಗ್ಬರಲ್ಲ," ಎಂದರಂತೆ.

ಟಾಪು ಕೂರಿಸಲು ಎರಡು ಕಡೆ ಇಬ್ಬರು ಬೇಕು. ಫಿಲೇಚರಿನಲ್ಲಿ ಅಷ್ಟು ಆಳುಗಳಿದ್ದರೂ ಸಾಹೇಬರು ನನಗೆ ಹೇಳಿಕಳಿಸಿದರು. ಬಲಕ್ಕೆ ಅವರು, ಎಡಕ್ಕೆ ನಾನು ನಿಂತು ಎತ್ತಿದೆವು. ಮೊದಲು ಹಿಂದಿನ ಎರಡು ಕಾಲುಗಳು ತೂತಿಗೆ ಇಳಿಯಬೇಕು, ಆಮೇಲೆ ಮುಂಗಾಜಿನ ಚೌಕಟ್ಟಿಗೆ ಕೊಕ್ಕೆ. ನಾನು ಒಂದು ಬೋಲ್ಟನ್ನು ತಿರುಗಿಸತೊಡಗಿದಾಗ, "ಸಡ್ಲ ಬಿಡಿ ಮೇಷ್ಟ್ರೇ, ನಾಕು ಬೋಲ್ಟೂ ಕೂರ್ಲಿ," ಎಂದರು. ನಾನು ಬೋಲ್ಟು ಬಿಟ್ಟೆ, ಮಾತು ಬಿಡಲಿಲ್ಲ. ಬಯಲುಗಾಳಿಯನ್ನೇ ಬಯಸಿದ ಜೈನಬಿಯವರ ಕಾರನ್ನು ಹೀಗೆ ಪೆಟ್ಟಿಗೆ ಮಾಡುವುದು ಅವರ ನೆನಪಿಗೆ ಸಲ್ಲಿಸುವ ಗೌರವವೇ ಎಂದು ಕ್ರಮವಾಗಿ, ಉದಾಹರಣೆಗಳ ಸಮೇತ ವಾದಿಸಿದೆ.

ಸಾಹೇಬರು ಸ್ಪ್ಯಾನರನ್ನು ಕೆಳಗಿಟ್ಟರು.

"ಬಯಲು ಗಾಡೀಲಿ ನಾನೊಬ್ನೇ ಹೋದ್ರೆ ಜನ ಮೊದ್ಲು ಪಕ್ಕದ ಸೀಟು ನೋಡ್ತಾರೆ, ಮೇಷ್ಟ್ರೇ. ಆಮೇಲೆ ನನ್ನ ಮುಖ ನೋಡ್ತಾರೆ. ಮುಚ್ಚಿದ್ರೆ ಒಳಗೆ ಎಷ್ಟು ಜನ ಇದಾರೆ ಅಂತ ಯಾರಿಗೆ ಗೊತ್ತಾಗುತ್ತೆ?"

ನಾನು ಕೊಕ್ಕೆ ಹಿಡಿದುಕೊಂಡೆ. ಅವರು ಬಿಗಿ ಮಾಡಿದರು.

ಅಲ್ಲಿಂದ ಮುಂದೆ ಆ ಕಾರು ಮಾರುಕಟ್ಟೆಗೂ ಮಸೀದಿಗೂ ಮುಚ್ಚಿಕೊಂಡೇ ಓಡಾಡಿತು. ಸಲಾಂ ಹೇಳಿದವರಿಗೆ ಒಳಗಿನಿಂದ ಉತ್ತರ ಬಂತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ನಾನು ಹೋಗಿ, ಟಾಪು ಇಳಿಸೋಣವೇ ಎಂದು ಕೇಳುತ್ತಿದ್ದೆ. ಚಹಾ ತರಿಸುತ್ತಿದ್ದರು, ಜಗಲಿಯ ತರಗತಿಯ ಬಗ್ಗೆ ವಿಚಾರಿಸುತ್ತಿದ್ದರು. ಕಡೆಗೆ, "ಈ ವರ್ಷ ಇರ್ಲಿ," ಎನ್ನುತ್ತಿದ್ದರು. ಆ ದೊಡ್ಡ ಮನೆಯಲ್ಲಿ ಚಹಾದ ಎರಡು ಲೋಟಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನನ್ನ ಬಳಿ ಮಾತು ಸಾಕಷ್ಟಿತ್ತು. ಆ ಮನೆಗೆ ಬೇಕಾದ ಮಾತು ಮಾತ್ರ ಇರಲಿಲ್ಲ.

ಕೆಲವು ವರ್ಷಗಳ ನಂತರ, ಚಳಿಗಾಲದ ಒಂದು ಬೆಳಿಗ್ಗೆ ಅವರೇ ಕರೆಸಿದರು. ತುಂಬ ಇಳಿದುಹೋಗಿದ್ದರು, ಅಂಗಿಯ ಕಾಲರು ಕುತ್ತಿಗೆಗೆ ಸಡಿಲವಾಗಿತ್ತು. ಬೋಲ್ಟುಗಳಿಗೆ ಆಗಲೇ ಎಣ್ಣೆ ಬಿಟ್ಟಿದ್ದರು. ಇಬ್ಬರೂ ಸೇರಿ ಟಾಪನ್ನು ಎತ್ತಿ ಗೋಡೆಗೆ ಒರಗಿಸಿದೆವು. ಬಿಸಿಲು ಸೀಟುಗಳ ಮೇಲೆ ಬಿತ್ತು. ಬಲಗಡೆಯದು ಸವೆದು ಬಿರುಕು ಬಿಟ್ಟಿತ್ತು. ಎಡಗಡೆಯದು ಟಾಪು ಕೂರಿಸಿದ ದಿನ ಇದ್ದ ಹಾಗೇ ಇತ್ತು.

ಅವರು ಹತ್ತಿ ಕುಳಿತು ಕಾರು ಚಾಲು ಮಾಡಿದರು. ಒಬ್ಬರನ್ನೇ ಕಳಿಸಲು ಮನಸ್ಸೊಪ್ಪದೆ ನಾನು ಸುತ್ತಿ ಬಂದು ಎಡಬಾಗಿಲಿಗೆ ಕೈ ಹಾಕಿದೆ.

"ಬೇಡಿ ಮೇಷ್ಟ್ರೇ," ಎಂದರು. "ಇವತ್ತು ನೋಡ್ಲಿ ಎಲ್ರೂ."

ರೇಷ್ಮೆಗೂಡಿನ ಮಾರುಕಟ್ಟೆಗೆ ಜನ ಸೇರುವ ಹೊತ್ತು ಅದು. ಸಾಹೇಬರು ಅದೇ ಬೀದಿಯನ್ನು ಹಿಡಿದು ನಿಧಾನವಾಗಿ ಹೋದರು. ಅಂಗಡಿಯವರು ತಲೆಯೆತ್ತಿದರು, ಗೂಡಿನ ಮೂಟೆ ಹೊತ್ತವರು ದಾರಿ ಬಿಟ್ಟು ನಿಂತರು. ಮೊದಲು ಸೀಟನ್ನು ನೋಡಿದರು, ಆಮೇಲೆ ಅವರ ಮುಖವನ್ನು. ಒಬ್ಬೊಬ್ಬರಿಗೂ ಸಾಹೇಬರು ಕೈಯೆತ್ತಿ ಸಲಾಂ ಹೇಳುತ್ತಾ ಹೋಗುತ್ತಿದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.